ಲ್ಯಾಪ್‌ಟಾಪಿನ ಅಂಚು ಮಣಿಕಟ್ಟಿಗೆ ಒತ್ತುತ್ತಿದ್ದರೆ ಅರದಿಂದ ಉಜ್ಜಬಹುದೇ?

ಪ್ರಶ್ನೆ: ನನ್ನದು ಅಲ್ಯೂಮಿನಿಯಂ ಮೈಯ 13 ಇಂಚಿನ ಮ್ಯಾಕ್‌ಬುಕ್. ವಾರಂಟಿ ಮುಗಿದಿದೆ. ದಿನಕ್ಕೆ ಆರೇಳು ಗಂಟೆ ಟೈಪ್ ಮಾಡುತ್ತೇನೆ. ಸಂಜೆ ಹೊತ್ತಿಗೆ ಎರಡೂ ಮಣಿಕಟ್ಟಿನ ಮೇಲೆ ಕೆಂಪು ಗೆರೆ ಬಿದ್ದಿರುತ್ತದೆ, ಮುಂದಿನ ಅಂಚು ಅಷ್ಟು ಚೂಪು. ಅದನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿಕೊಳ್ಳಬಹುದೇ? ಒಳಗಿನ ಭಾಗಗಳಿಗೆ ತೊಂದರೆಯಾಗುತ್ತದೆಯೇ? ಇನ್ನೊಂದು ವಿಷಯ, ತೊಡೆಯ ಮೇಲಿಟ್ಟುಕೊಂಡರೆ ತಳ ತುಂಬಾ ಬಿಸಿಯಾಗುತ್ತದೆ. ಒಳಗೆ ಥರ್ಮಲ್ ಪ್ಯಾಡ್ (ಬಿಸಿ ಸಾಗಿಸುವ ಮೆತ್ತನೆಯ ಹಾಳೆ) ಅಂಟಿಸಿದರೆ ಬಿಸಿ ಕಡಿಮೆಯಾಗುತ್ತದಂತೆ, ನಿಜವೇ?

ಉತ್ತರ: ಅಂಚನ್ನು ಉಜ್ಜಬಹುದು. ಯಂತ್ರ ನಿಮ್ಮ ಸ್ವಂತದ್ದಾಗಿರಬೇಕು, ಕಚೇರಿ ಕೊಟ್ಟದ್ದಾಗಿರಬಾರದು. ಮಾರುವಾಗ ಬೆಲೆ ಸ್ವಲ್ಪ ಇಳಿದರೂ ಪರವಾಗಿಲ್ಲ ಎಂಬ ಮನಸ್ಸೂ ಇರಬೇಕು. ಈ ಕೆಲಸದಲ್ಲಿ ಯಂತ್ರ ಹಾಳಾಗುವುದು ಬಹುತೇಕ ಅರದ ಪೆಟ್ಟಿನಿಂದಲ್ಲ, ಉಜ್ಜಿದಾಗ ಉದುರುವ ಪುಡಿಯಿಂದ. ಅಲ್ಯೂಮಿನಿಯಂ ಪುಡಿಯಲ್ಲಿ ವಿದ್ಯುತ್ ಹರಿಯುತ್ತದೆ, ಆದರೆ ಅಯಸ್ಕಾಂತ ಅದನ್ನು ಎಳೆಯುವುದಿಲ್ಲ. ಒಮ್ಮೆ ಒಳಗೆ ಹೋದರೆ ಹೊರಗೆ ತೆಗೆಯುವ ಸುಲಭ ದಾರಿ ಇಲ್ಲ. ಹಾಗಾಗಿ ಉಜ್ಜಲು ಹಿಡಿಯುವಷ್ಟೇ ಸಮಯವನ್ನು ಮುಚ್ಚಿ ಭದ್ರಪಡಿಸಲೂ ಕೊಡಬೇಕು.

ಅದಕ್ಕೂ ಮೊದಲು ಒಂದು ವಾರದ ಪರೀಕ್ಷೆ ಮಾಡಿ. ಮುಂದಿನ ಅಂಚಿನ ಮೇಲೆ, ಮಣಿಕಟ್ಟು ತಾಗುವ ಎರಡು ಕಡೆ, ಬಟ್ಟೆ ಟೇಪನ್ನು ಎರಡು ಮೂರು ಪದರ ಮಡಚಿ ಅಂಟಿಸಿ. ಮುಚ್ಚಳ ಮುಚ್ಚುವಾಗಲೆಲ್ಲ ಅದನ್ನು ತೆಗೆಯಿರಿ. ಪರದೆಗೂ ಕೀಲಿಮಣೆಗೂ ನಡುವಿನ ಸಂದು ಎಷ್ಟು ಕಿರಿದೆಂದರೆ, ಕ್ಯಾಮೆರಾ ಮೇಲೆ ಅಂಟಿಸುವ ಮುಚ್ಚಿಗೆ ಕೂಡ 0.1 ಮಿ.ಮೀ.ಗಿಂತ, ಅಂದರೆ ಸಾಧಾರಣ ಮುದ್ರಣ ಕಾಗದಕ್ಕಿಂತ, ದಪ್ಪ ಇರಬಾರದು ಎಂದು ಆ್ಯಪಲ್ ಹೇಳುತ್ತದೆ. ಅಂಗೈ ಊರುವ ಜಾಗಕ್ಕೆ ತೊಗಲು, ಕಾರ್ಕ್, ಸಿಲಿಕೋನ್ ಹಾಳೆ ಅಂಟಿಸಿ ಹಾಗೇ ಮುಚ್ಚಳ ಮುಚ್ಚಿದರೆ ಪರದೆ ಸೀಳುವುದು ಇದೇ ಕಾರಣಕ್ಕೆ.

ವಾರದಲ್ಲಿ ಕೆಂಪು ಗೆರೆ ಮತ್ತು ನೋವು ಎರಡೂ ಇಳಿದರೆ ಅಂಚೇ ಕಾರಣ, ಮುಂದುವರಿಯಬಹುದು. ಗೆರೆ ಹೋಗಿ ನೋವು ಉಳಿದರೆ ಮೇಜಿನ ಎತ್ತರ ನೋಡಿ. ಮೊಣಕೈ ಸುಮಾರು 90ರಿಂದ 100 ಡಿಗ್ರಿ ಕೋನದಲ್ಲಿದ್ದು, ಅಂಗೈ ಮುಂಗೈಯ ನೇರಕ್ಕೇ ಇರಬೇಕು. ಮೇಜು ಎತ್ತರವಾಗಿದ್ದರೆ ಮಣಿಕಟ್ಟು ಹಿಂದಕ್ಕೆ ಬಾಗಿ ಕೈಯ ಭಾರವೆಲ್ಲ ಅಂಚಿನ ಮೇಲೆ ಬೀಳುತ್ತದೆ. ಆಗ ಅಂಚನ್ನು ಎಷ್ಟು ಗುಂಡಗೆ ಮಾಡಿದರೂ ಪ್ರಯೋಜನ ಅರ್ಧ ಮಾತ್ರ. ಬೆರಳುಗಳಿಗೆ ಜೋಮು ಹಿಡಿಯುತ್ತಿದ್ದರೆ ಅರದ ಯೋಚನೆ ಬಿಟ್ಟು ವೈದ್ಯರನ್ನು ಕಾಣಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಬಂದರೆ ಮೀಡಿಯನ್ ನರ, ಕಿರುಬೆರಳು ಮತ್ತು ಉಂಗುರಬೆರಳಿಗೆ ಬಂದರೆ ಅಲ್ನಾರ್ ನರ ಒತ್ತಿಗೆ ಸಿಕ್ಕಿರುವ ಸಾಧ್ಯತೆ ಹೆಚ್ಚು. ಎರಡೂ ಮಣಿಕಟ್ಟಿನ ಒಳಬದಿಯಲ್ಲೇ ಹಾದುಹೋಗುತ್ತವೆ.

ನಿಮ್ಮದು ಮ್ಯಾಕ್‌ಬುಕ್ ಆದ್ದರಿಂದ ಲೋಹದ ವಿಚಾರದಲ್ಲಿ ಅನುಮಾನವಿಲ್ಲ. 2008ರ ಅಕ್ಟೋಬರಿನಲ್ಲಿ ಶುರುವಾದ ಯೂನಿಬಾಡಿ ವಿನ್ಯಾಸದಲ್ಲಿ ಮೇಲ್ಭಾಗದ ಚೌಕಟ್ಟನ್ನು ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದು ತೆಗೆಯುತ್ತಾರೆ. ಇದನ್ನು ಓದುವ ಬೇರೆಯವರು ಮಾತ್ರ ತಮ್ಮ ಯಂತ್ರದ ವಿವರ ಪುಟ ನೋಡದೆ ಅರ ಮುಟ್ಟಬೇಡಿ. ಮೊದಲ ಸರ್ಫೇಸ್‌ಗಳು, ಎಲ್‌ಜಿ ಗ್ರಾಮ್, ಹಲವು ಥಿಂಕ್‌ಪ್ಯಾಡ್‌ಗಳ ಮೈ ಅಥವಾ ಚೌಕಟ್ಟು ಮೆಗ್ನೀಷಿಯಂ ಮಿಶ್ರಲೋಹದ್ದು. ಬಣ್ಣ ಬಳಿದಿರುವುದರಿಂದ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಮೆಗ್ನೀಷಿಯಂನ ಸಣ್ಣ ಪುಡಿಗೆ ಬೆಂಕಿ ಬೇಗ ಹತ್ತುತ್ತದೆ. ಹತ್ತಿದ ಮೇಲೆ ನೀರು ಹಾಕಿದರೆ ಹೈಡ್ರೋಜನ್ ಹೊರಬಂದು ಬೆಂಕಿ ಇನ್ನಷ್ಟು ಜೋರಾಗುತ್ತದೆ. ಮೆಗ್ನೀಷಿಯಂ ಇರಬಹುದು ಎಂಬ ಅನುಮಾನವಿದ್ದರೂ ಸಾಕು, ಉಜ್ಜಬೇಡಿ. ಕಾರ್ಬನ್ ಫೈಬರ್ ಕೂಡ ಬೇಡ. ಅದರ ಎಳೆಗಳು ಚರ್ಮಕ್ಕೆ, ಶ್ವಾಸಕ್ಕೆ ಕೆಟ್ಟದ್ದು, ಅವುಗಳಲ್ಲೂ ವಿದ್ಯುತ್ ಹರಿಯುತ್ತದೆ. ಪ್ಲಾಸ್ಟಿಕ್ ಮೈಯನ್ನು ಉಜ್ಜಬಹುದು, ಆದರೆ ಮೇಲಿನ ಬಣ್ಣದ ಪದರ ಅಂಚಿನಿಂದ ಏಳುತ್ತಾ ಹೋಗುತ್ತದೆ.

ಎಷ್ಟು ಲೋಹ ತೆಗೆಯಬೇಕು ಎಂಬುದನ್ನು ಅಂದಾಜಿಗೆ ಬಿಡಬೇಡಿ. ಕೈಗೆ ಹಿತವೆನಿಸಲು 1ರಿಂದ 1.5 ಮಿ.ಮೀ. ತ್ರಿಜ್ಯದ ದುಂಡು ಸಾಕು. 1.5 ಮಿ.ಮೀ. ತ್ರಿಜ್ಯಕ್ಕೆ ಲೆಕ್ಕ ಹೀಗೆ: ಅಂಚಿನಿಂದ ಮೇಲ್ಮೈ ಕಡೆಗೆ 0.9 ಮಿ.ಮೀ., ಎದುರಿನ ಲಂಬ ಮುಖದ ಕಡೆಗೂ 0.9 ಮಿ.ಮೀ. ಬಿಟ್ಟು 45 ಡಿಗ್ರಿಯಲ್ಲಿ ಓರೆ ಮಾಡಬೇಕು. ಆಗ ಸುಮಾರು 1.25 ಮಿ.ಮೀ. ಅಗಲದ ಓರೆಪಟ್ಟಿ ಸಿಗುತ್ತದೆ. ಮೂಲೆಯಿಂದ ಓರೆಯಾಗಿ ಅಳೆದರೆ ಹೋಗುವ ಲೋಹ ಬರೀ 0.6 ಮಿ.ಮೀ. ಆಳದಷ್ಟು. ಅಲ್ಲಿ ಎರಡು ಗೋಡೆಗಳು ಸೇರುವುದರಿಂದ ಲೋಹವೂ ದಪ್ಪ. 1 ಮಿ.ಮೀ. ತ್ರಿಜ್ಯ ಸಾಕೆಂದರೆ ಎರಡೂ ಕಡೆ 0.6 ಮಿ.ಮೀ. ಸಾಕು. ಮೊದಲು ಇಷ್ಟಕ್ಕೇ ನಿಲ್ಲಿಸಿ ಎರಡು ದಿನ ಬಳಸಿ ನೋಡುವುದು ಒಳ್ಳೆಯದು. ತೆಗೆದ ಲೋಹ ಮರಳಿ ಬರುವುದಿಲ್ಲ, ಇನ್ನಷ್ಟು ತೆಗೆಯುವುದು ಯಾವಾಗಲೂ ಸಾಧ್ಯ. ನಿಮ್ಮದು ಮುಂದಕ್ಕೆ ಬರುತ್ತಾ ತೆಳುವಾಗುವ ಹಳೆಯ ಮ್ಯಾಕ್‌ಬುಕ್ ಏರ್ ಮಾದರಿಯಾದರೆ ಇನ್ನೂ ಹುಷಾರು. 2020ರ ಏರ್‌ನ ಮುಂತುದಿ ಮುಚ್ಚಳ ಸೇರಿ 4.1 ಮಿ.ಮೀ. ಮಾತ್ರ. ಅಲ್ಲಿ ಚೂಪು ಮುರಿದರೆ ಸಾಕು, ಅರ್ಧ ಮಿ.ಮೀ.ಗಿಂತ ಮುಂದೆ ಹೋಗಬೇಡಿ.

ಒಳಬದಿಗೂ ಒಂದು ಗಡಿ ಇದೆ. ಮುಚ್ಚಳದ ಸುತ್ತಲಿನ ರಬ್ಬರ್ ಪಟ್ಟಿ ಕೆಳಮೈಯನ್ನು ತಾಗುವ ಗೆರೆಯನ್ನು ದಾಟಿ ಉಜ್ಜಿದರೆ ಅಲ್ಲಿ ಸಂದಾಗಿ ಧೂಳು ಒಳಗೆ ಹೋಗುತ್ತದೆ. ಗೆರೆ ಎಲ್ಲಿದೆ ಎಂದು ತಿಳಿಯಲು ತೆಳು ಕಾಗದದ ಪಟ್ಟಿಯನ್ನು ಅಂಚಿನ ಮೇಲೆ ಸ್ವಲ್ಪ ಮಾತ್ರ ಒಳಗೆ ಹೋಗುವಂತೆ ಇಟ್ಟು ಮುಚ್ಚಳ ಮುಚ್ಚಿ, ಎಳೆದು ನೋಡಿ. ಸಡಿಲವಾಗಿ ಬಂದರೆ ಒಂದು ಕೂದಲಷ್ಟು ಒಳಗೆ ಸರಿಸಿ ಮತ್ತೆ ಎಳೆಯಿರಿ. ಹಿಡಿದುಕೊಳ್ಳಲು ಶುರುವಾದ ಜಾಗವೇ ನಿಮ್ಮ ಗಡಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. 8 ಇಂಚಿನ ಚಪ್ಪಟೆ ಸ್ಮೂತ್ ಅರ ಒಂದು, ಸಾಧ್ಯವಾದರೆ ಒಂದೇ ದಿಕ್ಕಿನ ಹಲ್ಲುಗಳದ್ದು. ಒರಟು ಹಲ್ಲಿನ ಬಾಸ್ಟರ್ಡ್ ಅರ ಬೇಡ, ಅದರ ಗೀರು ಅಳಿಸುವುದೇ ದೊಡ್ಡ ಕೆಲಸವಾಗುತ್ತದೆ. ಮುಚ್ಚಳ ಎತ್ತಲು ಕೊಟ್ಟಿರುವ ಕಚ್ಚಿನ ಮೂಲೆಗಳಿಗೆ ಅರ್ಧಗೋಲದ ಸಣ್ಣ ನೀಡಲ್ ಅರ. 220, 400, 600, 1000 ನಂಬರಿನ ಸ್ಯಾಂಡ್‌ಪೇಪರ್ ಒಂದೊಂದು ಹಾಳೆ. ಬೂದು ಬಣ್ಣದ ಅತಿ ನಯವಾದ ಸ್ಕಾಚ್‌ಬ್ರೈಟ್, ಅಗಲವಾದ ಮಾಸ್ಕಿಂಗ್ ಟೇಪ್, ಪ್ಲಾಸ್ಟಿಕ್ ಹಾಳೆ, ಸೀಮೆಸುಣ್ಣ, ಅರ ಉಜ್ಜಲು ತಂತಿ ಬ್ರಷ್, ಕಪ್ಪು ಮಾರ್ಕರ್, ಐಸೊಪ್ರೊಪೈಲ್ ಆಲ್ಕೋಹಾಲ್, ಮೃದು ಬ್ರಷ್ ಇರುವ ವ್ಯಾಕ್ಯೂಮ್ ಕ್ಲೀನರ್. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ತಿರುಗುವ ಕಲ್ಲಿನ ಸಣ್ಣ ಗ್ರೈಂಡರ್ ಬಳಸುವ ಆಸೆ ಬಿಟ್ಟುಬಿಡಿ. ಮೆದು ಅಲ್ಯೂಮಿನಿಯಂ ಕಲ್ಲಿಗೆ ಮೆತ್ತಿಕೊಂಡು ಕಲ್ಲು ಕುಣಿಯುತ್ತದೆ, ಅಂಚು ಅಲೆ ಅಲೆಯಾಗುತ್ತದೆ, ಪುಡಿ ಎಲ್ಲ ದಿಕ್ಕಿಗೂ ಸಿಡಿಯುತ್ತದೆ.

ಕೆಲಸಕ್ಕೆ ಮೊದಲು ಕಡತಗಳನ್ನೆಲ್ಲ ಬೇರೆ ಕಡೆ ಉಳಿಸಿಕೊಳ್ಳಿ. ಬ್ಯಾಟರಿ ಚಾರ್ಜ್ 20–30 ಶೇಕಡಾಕ್ಕೆ ಇಳಿಯಲಿ, ಏಕೆಂದರೆ ಅಂಗೈ ಊರುವ ಜಾಗದ ಕೆಳಗೇ ಲಿಥಿಯಂ ಕೋಶಗಳಿರುತ್ತವೆ. ಯಂತ್ರವನ್ನು ಸ್ಲೀಪ್‌ನಲ್ಲಿ ಬಿಡದೆ ಪೂರ್ತಿ ಆಫ್ ಮಾಡಿ. ಇಲ್ಲೊಂದು ತೊಡಕಿದೆ. ಈಚಿನ ಮ್ಯಾಕ್‌ಬುಕ್‌ಗಳು ಮುಚ್ಚಳ ತೆರೆದರೆ ಅಥವಾ ಕೀಲಿ ಮುಟ್ಟಿದರೆ ತಾವಾಗಿಯೇ ಆನ್ ಆಗುತ್ತವೆ. ಆದ್ದರಿಂದ ಮುಚ್ಚಳ ತೆರೆದಿಟ್ಟ ಸ್ಥಿತಿಯಲ್ಲೇ ಆಫ್ ಮಾಡಿ, ಆಮೇಲೆ ಮುಚ್ಚಬೇಡಿ, ಕೀಲಿಗಳನ್ನು ಒತ್ತಬೇಡಿ. ತಳ ಬಿಚ್ಚಿ ಅಭ್ಯಾಸವಿರುವವರು ಬ್ಯಾಟರಿ ಕನೆಕ್ಟರ್ ಕಳಚಿ ತಳ ಮತ್ತೆ ಮುಚ್ಚಿ ಕೆಲಸ ಮಾಡಿದರೆ ಇನ್ನೂ ನಿಶ್ಚಿಂತೆ.

ಈಗ ಮುಚ್ಚುವ ಕೆಲಸ. ಅಂಚಿನಿಂದ 3 ಮಿ.ಮೀ. ಹಿಂದೆ ಟೇಪಿನ ಮೊದಲ ಸಾಲು ಬರಲಿ, ಅದರ ಮೇಲೆ ಇನ್ನೊಂದು ಪದರ. ಟೇಪಿನ ಅಂಚನ್ನು ಉಗುರಿನಿಂದ ಉದ್ದಕ್ಕೂ ಒತ್ತಿ ಕೂರಿಸಿ. ಟ್ರ್ಯಾಕ್‌ಪ್ಯಾಡ್ ಸುತ್ತಲಿನ ಕೂದಲೆಳೆಯ ಸಂದಿಗೆ ಪ್ರತ್ಯೇಕವಾಗಿ ಟೇಪ್ ಹಾಕಲೇಬೇಕು. ಅತಿ ಹೆಚ್ಚು ಪುಡಿ ಸಿಕ್ಕಿಕೊಳ್ಳುವುದು ಅಲ್ಲೇ, ಸಿಕ್ಕಿಕೊಂಡರೆ ಒತ್ತಿದಾಗ ಕರಕರ ಅನ್ನುತ್ತದೆ. ಕೀಲಿಮಣೆ, ಸ್ಪೀಕರ್ ತೂತುಗಳು, ಪರದೆ ಎಲ್ಲಕ್ಕೂ ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕೂ ಕಡೆ ಟೇಪ್ ಹಾಕಿ. ಪೋರ್ಟ್‌ಗಳು, ಮೈಕಿನ ಕಿರುತೂತುಗಳು, ತಳದ ತಟ್ಟೆಯ ಸಂದು, ಸ್ಕ್ರೂಗಳು, ಗಾಳಿಯ ಕಿಂಡಿಗಳಿಗೂ ಟೇಪ್ ಬೇಕು. ಪೋರ್ಟ್ ಒಳಗೆ ಕಾಗದ, ಹತ್ತಿ ತುರುಕಬೇಡಿ.

ಯಂತ್ರವನ್ನು ದಪ್ಪ ಬಟ್ಟೆಯ ಮೇಲಿಟ್ಟು, ಹಿಂಬದಿಗೆ ಪುಸ್ತಕ ಕೊಟ್ಟು 5 ಸೆಂ.ಮೀ. ಎತ್ತಿ, ಮುಂದಿನ ಅಂಚು ಮೇಜಿನಿಂದ ಎರಡು ಸೆಂ.ಮೀ. ಹೊರಗೆ ಚಾಚಿರಲಿ. ಹೀಗೆ ಓರೆಯಾಗಿದ್ದರೆ ಪುಡಿ ಕೀಲಿಮಣೆಯ ಕಡೆ ಹೋಗದೆ ನೆಲಕ್ಕೆ ಉದುರುತ್ತದೆ. ಇನ್ನೊಬ್ಬರು ಪಕ್ಕದಲ್ಲಿ ವ್ಯಾಕ್ಯೂಮಿನ ಬಾಯಿ ಹಿಡಿದು ನಿಂತರೆ ಕೆಲಸ ಅರ್ಧ ಹಗುರ.

ಅಂಚಿನ ಉದ್ದಕ್ಕೂ ಮಾರ್ಕರಿನಿಂದ ಕಪ್ಪು ಬಳಿಯಿರಿ. ಅರ ಎಲ್ಲಿ ತಾಗುತ್ತದೋ ಅಲ್ಲಿ ಕಪ್ಪು ಹೋಗಿ ಬೆಳ್ಳಿ ಗೆರೆ ಮೂಡುತ್ತದೆ. ಆ ಗೆರೆ ಒಂದೇ ಅಗಲವಾಗಿ ಸಾಗಿದರೆ ಕೋನ ಸರಿಯಿದೆ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣವಾದರೆ ಕೈ ಓಲಾಡುತ್ತಿದೆ ಎಂದರ್ಥ. ಅರದ ಹಲ್ಲುಗಳಿಗೆ ಸೀಮೆಸುಣ್ಣ ತುಂಬುವಂತೆ ತಿಕ್ಕಿಕೊಳ್ಳಿ. ಅಲ್ಯೂಮಿನಿಯಂ ಹಲ್ಲಿನ ಸಂದಿಗೆ ಮೆತ್ತಿಕೊಳ್ಳುವ ಲೋಹ. ಮೆತ್ತಿದ ಒಂದು ಚೂರು ಮುಂದಿನ ಎಳೆತದಲ್ಲಿ ಉದ್ದ ಗೀರು ಹಾಕುತ್ತದೆ, ಆ ಗೀರು ಅಳಿಸಲು ಮತ್ತೆ ಇನ್ನಷ್ಟು ಲೋಹ ತೆಗೆಯಬೇಕಾಗುತ್ತದೆ. ಹತ್ತು ಹದಿನೈದು ಸಲ ತಳ್ಳಿದ ಮೇಲೆ ಯಂತ್ರದಿಂದ ದೂರ ಹೋಗಿ ತಂತಿ ಬ್ರಷ್ಷಿನಿಂದ ಹಲ್ಲು ಶುಚಿ ಮಾಡಿ, ಮತ್ತೆ ಸುಣ್ಣ ತಿಕ್ಕಿ.

ಅರ ಕತ್ತರಿಸುವುದು ತಳ್ಳುವಾಗ ಮಾತ್ರ. ಹಿಂದಕ್ಕೆ ತರುವಾಗ ಎತ್ತಿಕೊಳ್ಳಿ. 45 ಡಿಗ್ರಿ ಹಿಡಿದು, ಉದ್ದಕ್ಕೂ ಜಾರಿಸುತ್ತಾ, ಕೆಳಕ್ಕೂ ಹೊರಕ್ಕೂ ತಳ್ಳಿ. ಒಂದೇ ಜಾಗದಲ್ಲಿ ನಿಂತು ಉಜ್ಜಿದರೆ ತಗ್ಗಾಗುತ್ತದೆ. ಓರೆಪಟ್ಟಿ ಲೆಕ್ಕದ ಅಗಲಕ್ಕೆ ಬಂದಾಗ ಅದರ ಮೇಲೂ ಕೆಳಗೂ ಎರಡು ಸಣ್ಣ ಏಣು ಉಳಿದಿರುತ್ತವೆ. ಅವನ್ನು ಇನ್ನೂ ಓರೆಯಾಗಿ, ಹಗುರವಾಗಿ ನಾಲ್ಕೈದು ಸಲ ಸವರಿ ಮುರಿಯಿರಿ. ಕೊನೆಗೆ ಅರವನ್ನು ಅಡ್ಡಲಾಗಿ ಎರಡೂ ಕೈಯಲ್ಲಿ ಹಿಡಿದು ಅಂಚಿನ ಉದ್ದಕ್ಕೂ ಹಗುರವಾಗಿ ಸವರಿದರೆ ಅಡ್ಡ ಗೀರುಗಳೆಲ್ಲ ಹೋಗಿ ಒಂದೇ ನೇರಕ್ಕೆ ಬರುತ್ತವೆ. ಪೂರ್ತಿ ಉದ್ದ ಉಜ್ಜಲೇಬೇಕೆಂದಿಲ್ಲ. ಮಣಿಕಟ್ಟು ಊರುವ 8–10 ಸೆಂ.ಮೀ. ಎರಡು ಕಡೆ ಸಾಕು, ತುದಿಗಳನ್ನು ನಿಧಾನವಾಗಿ ಸಣ್ಣಗೆ ಮಾಡುತ್ತಾ ಮೂಲ ಅಂಚಿಗೆ ಸೇರಿಸಬೇಕು. ನೋಟಕ್ಕೆ ಮಾತ್ರ ಪೂರ್ತಿ ಉಜ್ಜಿದ್ದೇ ಚೆನ್ನ.

ಮುಚ್ಚಳ ಎತ್ತಲು ನಡುವೆ ಕೊಟ್ಟಿರುವ ಕಚ್ಚನ್ನು ಹಲವರು ಮರೆಯುತ್ತಾರೆ. ಅದರ ಎರಡು ಮೂಲೆಗಳೇ ಇಡೀ ಯಂತ್ರದಲ್ಲಿ ಅತ್ಯಂತ ಚೂಪು. ನೀಡಲ್ ಅರದಿಂದ ಅಲ್ಲಿ ಆರೇಳು ಹಗುರ ಎಳೆತ ಕೊಟ್ಟರೆ ಸಾಕು.

ಇನ್ನು ಸ್ಯಾಂಡ್‌ಪೇಪರ್. ಗಟ್ಟಿ ಮರದ ತುಂಡಿಗೆ ಸುತ್ತಿದರೆ ಮತ್ತೆ ಏಣು ಬೀಳುತ್ತದೆ, ಪೆನ್ಸಿಲ್ ಅಳಿಸುವ ರಬ್ಬರಿಗೆ ಸುತ್ತಿ. ಅದು ಬಾಗಿ ಅಂಚನ್ನು ಗುಂಡಗೆ ಅಪ್ಪುತ್ತದೆ. 220ರಲ್ಲಿ ಅರದ ಗುರುತು ಪೂರ್ತಿ ಹೋಗುವವರೆಗೆ ಉಜ್ಜಿದ ಮೇಲೆಯೇ 400ಕ್ಕೆ ಹೋಗಬೇಕು. ಅವಸರ ಮಾಡಿ ದಾಟಿದರೆ ಆ ಗೀರುಗಳು 1000ದಲ್ಲಿ ಹೊಳೆದು ಕಾಣುತ್ತವೆ. ಒಣಗಿದ್ದಾಗಲೇ ಉಜ್ಜಿ. ನೀರು, ಎಣ್ಣೆ ಹಾಕಿದರೆ ಟೇಪ್ ಬಿಟ್ಟು ಕೆಸರಾದ ಪುಡಿ ಒಳಗೆ ಹರಿಯುತ್ತದೆ. ಕೊನೆಗೆ ಸ್ಕಾಚ್‌ಬ್ರೈಟನ್ನು ಒಂದೇ ದಿಕ್ಕಿಗೆ ಎಳೆಯಿರಿ. ಕಾರ್ಖಾನೆಯ ಆ ಮಂಕು ಮೈ ಸಣ್ಣ ಮಣಿಗಳನ್ನು ರಭಸದಿಂದ ಸಿಡಿಸಿ, ಆಮೇಲೆ ಅನೋಡೈಸ್ ಮಾಡಿ, ಅಂದರೆ ವಿದ್ಯುತ್ ಹರಿಸಿ ಗಟ್ಟಿ ಆಕ್ಸೈಡ್ ಪದರ ಬೆಳೆಸಿ, ಬಂದದ್ದು. ಮನೆಯಲ್ಲಿ ಅದು ಬರುವುದಿಲ್ಲ. ಬೆಳ್ಳಿ ಬಣ್ಣದ ಯಂತ್ರದಲ್ಲಿ ಉಜ್ಜಿದ ಪಟ್ಟಿ ಸ್ವಲ್ಪ ಹೆಚ್ಚು ಹೊಳೆಯುತ್ತದೆ ಅಷ್ಟೆ. ಕಡುಬೂದು, ಕಪ್ಪು ಯಂತ್ರಗಳಲ್ಲಿ ಬೆಳ್ಳಿ ಗೆರೆ ಎದ್ದು ಕಾಣುತ್ತದೆ.

ನಯವಾಯಿತೇ ಎಂದು ಬೆರಳಿನಿಂದಷ್ಟೇ ನೋಡಿದರೆ ಮೋಸ ಹೋಗುತ್ತೀರಿ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅಂಚಿನ ಮೇಲೆ ಎರಡೂ ದಿಕ್ಕಿಗೆ ಎಳೆಯಿರಿ. ಎಲ್ಲಿ ಒಂದು ಎಳೆ ಸಿಕ್ಕಿ ನಿಲ್ಲುತ್ತದೋ ಅಲ್ಲಿ ಲೋಹದ ಮುಳ್ಳು ಉಳಿದಿದೆ, 600ರಲ್ಲಿ ಇನ್ನೊಮ್ಮೆ ಸವರಿ.

ಶುಚಿ ಮಾಡುವಾಗ ಕ್ರಮ ತಪ್ಪಬಾರದು. ಟೇಪ್ ಇರುವಾಗಲೇ ವ್ಯಾಕ್ಯೂಮ್ ಹಿಡಿಯಿರಿ, ಆಮೇಲೆ ಆಲ್ಕೋಹಾಲ್ ತೇವ ಮಾಡಿದ ಬಟ್ಟೆಯಿಂದ ಅಂಚು, ಟೇಪಿನ ಮೇಲ್ಮೈ ಎಲ್ಲ ಒರೆಸಿ. ನಂತರ ಟೇಪನ್ನು ಒಳಗಿನಿಂದ ಹೊರಕ್ಕೆ, ಅಂಟಿನ ಮುಖ ಒಳಗೆ ಮಡಚಿಕೊಳ್ಳುವಂತೆ ನಿಧಾನವಾಗಿ ಎಳೆಯಿರಿ. ಉಳಿದ ಚುಕ್ಕಿಗಳನ್ನು ಹೊಸ ಟೇಪಿನ ತುಂಡಿನಿಂದ ಒತ್ತಿ ಒತ್ತಿ ತೆಗೆಯಿರಿ. ಡಬ್ಬಿಯ ಒತ್ತಡದ ಗಾಳಿಯಾಗಲಿ, ಬಾಯಿಯಿಂದಾಗಲಿ ಊದಬೇಡಿ, ಹೊರಗಿದ್ದ ಪುಡಿ ಕೀಲಿಗಳ ಕೆಳಗೆ ಹೋಗಿ ಕೂರುತ್ತದೆ. ಟಾರ್ಚನ್ನು ಅಡ್ಡಲಾಗಿ ಹಿಡಿದು ಟ್ರ್ಯಾಕ್‌ಪ್ಯಾಡಿನ ಸಂದು ನೋಡಿ. ಎಲ್ಲಿಯೂ ಮಿಣುಕು ಕಾಣದಿದ್ದರೆ ಮಾತ್ರ ಆನ್ ಮಾಡಿ.

ಉಜ್ಜಿದ ಮೇಲಿನ ಬದುಕಿನ ಬಗ್ಗೆ ಎರಡು ಮಾತು ಮೊದಲೇ ಗೊತ್ತಿರಬೇಕು. ಕಾರ್ಖಾನೆಯ ಅನೋಡೈಸ್ ಪದರ ಗಟ್ಟಿ, ಬೆವರನ್ನು ತಡೆಯುತ್ತಿತ್ತು. ಬರಿಯ ಅಲ್ಯೂಮಿನಿಯಂ ಮೇಲೆ ಗಾಳಿಗೆ ತಾನಾಗಿ ಮೂಡುವ ಪದರ ಬಹಳ ತೆಳು. ಬೆವರಿನ ಉಪ್ಪು ನಿಂತರೆ ಬಿಳಿ ಪುಡಿ ತುಂಬಿದ ಸಣ್ಣ ಗುಳಿಗಳು ಬೀಳುತ್ತವೆ. ಮೊದಲ ಕೆಲವು ದಿನ ಅಂಗಿಯ ತೋಳಿನ ತುದಿಗೆ ಬೂದು ಕಲೆಯೂ ಹತ್ತಬಹುದು. ಕೆಲಸ ಮುಗಿದಾಗ ತೇವದ ಬಟ್ಟೆಯಿಂದ ಒರೆಸುವುದು, ತಿಂಗಳಿಗೊಮ್ಮೆ ಕಾರ್ನೂಬಾ ಮೇಣದ ತೆಳು ಪದರ ಹಚ್ಚಿ ಒಣಗಿದ ಮೇಲೆ ತಿಕ್ಕುವುದು, ಇಷ್ಟೇ ಸಾಕು. ಪಾರದರ್ಶಕ ವಾರ್ನಿಷ್ ಹೊಡೆಯಬೇಡಿ. ಸರಿಯಾದ ಪ್ರೈಮರ್ ಇಲ್ಲದೆ ಅದು ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಸದಾ ಉಜ್ಜುವ ಅಂಚಿನಲ್ಲಿ ಬೇಗ ಸುಲಿದು, ಸುಲಿದ ತುದಿ ಮತ್ತೆ ಚುಚ್ಚುತ್ತದೆ.

ಎರಡನೆಯದು ಹಲವರನ್ನು ಹೆದರಿಸುತ್ತದೆ. ಚಾರ್ಜರ್ ಹಾಕಿಕೊಂಡು ಕೆಲಸ ಮಾಡುವಾಗ ಉಜ್ಜಿದ ಜಾಗದಲ್ಲಿ ಜುಮುಜುಮು ಅನಿಸಬಹುದು. ಅದು ಉಜ್ಜಿದ್ದರಿಂದ ಹುಟ್ಟಿದ ದೋಷವಲ್ಲ. ಎರಡು ಪಿನ್ನಿನ ಚಾರ್ಜರಿನ ಒಳಗೆ ವಿದ್ಯುತ್ ಅಡಚಣೆ ತಡೆಯಲು ಇಟ್ಟಿರುವ ಕೆಪಾಸಿಟರ್ ಮೂಲಕ ಅತಿ ಸಣ್ಣ ಸೋರಿಕೆ ವಿದ್ಯುತ್ ಲೋಹದ ಮೈಗೆ ಮೊದಲಿನಿಂದಲೂ ಬರುತ್ತಿತ್ತು, ಅನೋಡೈಸ್ ಪದರ ಅದನ್ನು ತಡೆದಿಟ್ಟಿತ್ತು. ಅರ್ಥಿಂಗ್ ಇರುವ ಮೂರು ಪಿನ್ನಿನ ತಂತಿ ನಿಮ್ಮ ಅಡಾಪ್ಟರಿಗೆ ಹೊಂದುವುದಾದರೆ ಅದನ್ನು ಬಳಸಿ, ಗೋಡೆಯ ಸಾಕೆಟ್ಟಿನ ಅರ್ಥಿಂಗ್ ಸರಿಯಿದ್ದರೆ ಜುಮುಜುಮು ನಿಲ್ಲುತ್ತದೆ. ಜುಮ್ಮೆನ್ನುವುದನ್ನು ಮೀರಿ ಹೊಡೆದಂತಾದರೆ ಆ ಚಾರ್ಜರ್ ಬಳಸುವುದನ್ನೇ ನಿಲ್ಲಿಸಿ.

ಇನ್ನು ತಳದ ಬಿಸಿ. ಥರ್ಮಲ್ ಪ್ಯಾಡ್ ಬಗ್ಗೆ ನೀವು ಕೇಳಿದ್ದು ಉಲ್ಟಾ ಆಗಿದೆ. ಫ್ಯಾನ್ ಇಲ್ಲದ ಏರ್‌ನಲ್ಲಿ ಪ್ರೊಸೆಸರಿನ ಮೇಲಿನ ತಟ್ಟೆಗೂ ತಳದ ಲೋಹಕ್ಕೂ ನಡುವೆ ಪ್ಯಾಡ್ ಇಟ್ಟರೆ ಪ್ರೊಸೆಸರ್ ತಂಪಾಗಿ ವೇಗ ಹೆಚ್ಚು ಹೊತ್ತು ಉಳಿಯುತ್ತದೆ, ನಿಜ. ಆದರೆ ಆ ಬಿಸಿಯೆಲ್ಲ ನೇರವಾಗಿ ತಳಕ್ಕೆ, ಅಲ್ಲಿಂದ ನಿಮ್ಮ ತೊಡೆಗೆ ಬರುತ್ತದೆ. ಮೇಜಿನ ಮೇಲಷ್ಟೇ ಬಳಸುವವರಿಗೆ ಅದು ಸರಿ, ನಿಮಗೆ ಬೇಡ. ಸುಡದಷ್ಟು ಬಿಸಿಯಾದರೂ, ಸುಮಾರು 43–47 ಡಿಗ್ರಿ ಸೆಲ್ಸಿಯಸ್, ದಿನವೂ ಗಂಟೆಗಟ್ಟಲೆ ತಾಗಿದರೆ ತೊಡೆಯ ಚರ್ಮದ ಮೇಲೆ ಕಂದು ಬಣ್ಣದ ಬಲೆಯಂಥ ಕಲೆ ಮೂಡುತ್ತದೆ. ಇದಕ್ಕೆ ವೈದ್ಯರು ಎರಿತೀಮಾ ಅಬ್ ಇಗ್ನೆ ಎನ್ನುತ್ತಾರೆ. 6 ಮಿ.ಮೀ. ಪ್ಲೈವುಡ್ ಹಲಗೆಯನ್ನು ಯಂತ್ರಕ್ಕಿಂತ ಎಲ್ಲ ಕಡೆ ಎರಡು ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಅಂಚು ಉಜ್ಜಿ, ಯಂತ್ರದ ಕಾಲುಗಳು ಕೂರುವ ಜಾಗದಲ್ಲಿ 5 ಮಿ.ಮೀ. ಎತ್ತರದ ರಬ್ಬರ್ ಗುಂಡಿ ನಾಲ್ಕು ಅಂಟಿಸಿ. ನಾಲ್ಕೂ ಒಂದೇ ಎತ್ತರವಿರಲಿ. ಗಾಳಿಗೆಂದು ಹಿಂದಿನ ಎರಡನ್ನು ಮಾತ್ರ ಎತ್ತರಿಸಿದರೆ ಕೀಲಿಮಣೆ ಹಿಂದಕ್ಕೆ ಏರಿ ಮಣಿಕಟ್ಟು ಇನ್ನಷ್ಟು ಬಾಗುತ್ತದೆ, ಈಗಷ್ಟೇ ಉಜ್ಜಿದ ಅಂಚಿನ ಮೇಲೆ ಕೈಯ ಭಾರ ಮತ್ತೆ ಹೆಚ್ಚಾಗುತ್ತದೆ.